ಮೊದಲ ಮೂಟೆಗೆ ‘ಲಾಭ’ ಎನ್ನಬೇಕು

ನಮ್ಮ ಊರು ಊರಿಗಾಂನ ಹತ್ತಿರದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವ ಮೇಡಂ ಒಬ್ಬರು ಹೋದ ವಾರ ಮನೆಗೆ ಬಂದಿದ್ದರು. “ಲೆಕ್ಕ ಬರೆಯೋ ಕೆಲ್ಸಕ್ಕೆ ಸೇರೋ ನಮ್ಮ ಮಕ್ಕಳಿಗೆ ನಿಮ್ಮ ಅನುಭವ ಬರ್ಕೊಡಿ ಸಾರ್, ಕಾಲೇಜಿನ ಸಂಚಿಕೇಲಿ ಹಾಕ್ತೀವಿ” ಅಂದರು. ಬಂದು ಭಾಷಣ ಮಾಡಿ ಅಂದಿದ್ದರೆ ಹಿತ್ತಿಲ ಬಾಗಿಲಿಂದ ಓಡಿಹೋಗುತ್ತಿದ್ದೆ. ಬರೆಯುವುದು ತಾನೇ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಗಳಿಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲ ತನಕ ಹೋಗುತ್ತೇನೆ, ಕ್ಯಾಲೆಂಡರ್ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ಕ್ಯಾಲೆಂಡರ್ ನೋಡುವುದಕ್ಕೆ ಕಾರಣವಿದೆ. ಎಂಟು ವರ್ಷದ ಹಿಂದೆ ನಾನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಒಂದು ಸುಳ್ಳು ಹೇಳಿದೆ. ಅದನ್ನು ಎದುರಿಗೆ ಕೂತು ಕೇಳಿಸಿಕೊಂಡ ಹೆಂಗಸು ಈ ತಿಂಗಳ ಕೊನೆಗೆ ಸರ್ಕಾರಿ ನೌಕರಿಯಿಂದ ನಿವೃತ್ತರಾಗುತ್ತಾರೆ. ಅವರ ಕಚೇರಿಯ ವಿಳಾಸ ಒಂದೇ ನನ್ನಲ್ಲಿರುವುದು. ಆಮೇಲೆ ಎಲ್ಲಿ ಹುಡುಕುವುದೋ ತಿಳಿಯದು. ಅಷ್ಟರೊಳಗೆ ಆ ಸುಳ್ಳನ್ನು ತಿದ್ದಬೇಕು, ಇನ್ನು ಆರೇ ದಿನ ಉಳಿದಿದೆ. ಮಕ್ಕಳೇ, ನಿಮಗೆ ಬುದ್ಧಿ ಹೇಳುವ ನೆಪದಲ್ಲಿ ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ಅಪ್ಪ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಮಗ ನೆಲದ ಮೇಲೆ ಕೂತು ದುಡಿಯಲಿ ಎಂಬುದೊಂದೇ ಅವರ ಆಸೆ. ಹಾಗಾಗಿ ಇಪ್ಪತ್ತೆರಡನೆಯ ವಯಸ್ಸಿಗೆ ನಾನು ಬಂಗಾರಪೇಟೆಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಸೇರಿದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ರಂಗಪ್ಪನವರು ಎಂಬ ಹಳೆಯ ಗುಮಾಸ್ತರು. ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಎಲೆಅಡಿಕೆ, ಮಾತು ಕಡಿಮೆ. ಮೊದಲ ದಿನವೇ ನಾನು ಒಂದು ಅಂಕಿ ತಪ್ಪು ಬರೆದು ಬ್ಲೇಡಿನಿಂದ ಕೆರೆಯಲು ಹೋದೆ. ಅವರು ಕೈ ಹಿಡಿದುಕೊಂಡರು.

“ಕೆರೀಬೇಡ. ತಪ್ಪಿನ್ ಮ್ಯಾಲೆ ಒಂದೇ ಒಂದು ಗೆರೆ ಎಳಿ. ಕೆಳಗೇನ್ ಬರ್ದಿದ್ದೆ ಅಂತ ನಾಳೆ ಬಂದೋನ್ಗೂ ಕಾಣ್ಬೇಕು. ಮ್ಯಾಲೆ ಸರಿಯಾಗಿರೋದ್ ಬರಿ. ಪಕ್ದಾಗೆ ಸೈನ್ ಆಕು. ತಪ್ಪು ಮಾಡಿದೋನೂ ನಾನೇ, ತಿದ್ದಿದೋನೂ ನಾನೇ ಅಂತ ಒಪ್ಕೊಂಡಂಗೆ.”

ಈಗ ನೀವೆಲ್ಲ ಕಂಪ್ಯೂಟರಿನಲ್ಲಿ ಬರೆಯುತ್ತೀರಿ. ಅಲ್ಲಿ ತಪ್ಪನ್ನು ಅಳಿಸಿದರೆ ಗುರುತೇ ಉಳಿಯುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ನನಗೆ ಕಂಪ್ಯೂಟರ್ ಕಲಿಸಲು ಬಂದವನು ಮೂರು ದಿನಕ್ಕೆ ತಲೆನೋವಿನ ಮಾತ್ರೆ ತೆಗೆದುಕೊಂಡ. ಪ್ರತಿ ತಪ್ಪಿಗೂ ಗೆರೆ ಎಲ್ಲಿ ಎಳೆಯುವುದು ಎಂದು ಕೇಳುತ್ತಿದ್ದೆನಂತೆ.

ಸೇರಿದ ಹೊಸದರಲ್ಲಿ ಒಂದು ಸಾರಿ ಏಳು ಮೂಟೆ ತೌಡು ನನ್ನ ಲೆಕ್ಕದಿಂದ ಮಾಯವಾಯಿತು. ಮೂರು ದಿನ ಪುಸ್ತಕದ ಹಾಳೆ ತಿರುವಿದೆ, ಊಟ ಸೇರಲಿಲ್ಲ. ರಂಗಪ್ಪನವರು ಪುಸ್ತಕವನ್ನು ಮುಟ್ಟಲೂ ಇಲ್ಲ. ಅಂಗಳಕ್ಕೆ ಹೋಗಿ ಹಮಾಲಿಗಳನ್ನು ವಿಚಾರಿಸಿಕೊಂಡು ಬಂದರು. ಖಾಲಿ ಲಾರಿಯನ್ನು ತೂಕಕ್ಕೆ ನಿಲ್ಲಿಸಿದಾಗ ಆರು ಜನ ಹಮಾಲಿಗಳು ಮೇಲೆ ಕೂತು ಬೀಡಿ ಸೇದುತ್ತಿದ್ದರಂತೆ. ತೌಡು ತುಂಬಿದ ಮೇಲೆ ತೂಗುವಾಗ ಇಳಿದುಬಿಟ್ಟಿದ್ದರು. ಹೋದದ್ದು ತೌಡಲ್ಲ, ಆ ಆರು ಜನರ ಭಾರ. “ಲೆಕ್ಕ ತಪ್ಪಿದ್ರೆ ಪುಸ್ತಕ ನೋಡ್ಬೇಡ, ಅಂಗ್ಳ ನೋಡು” ಅಂದರು. ಅಂದಿನಿಂದ ನನ್ನ ಮೇಜನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಮೂವತ್ತು ವರ್ಷ ಅಂಗಳ ನೋಡುತ್ತಾ ಬರೆದೆ. ಮಾತಾಡಲು ನಾಚಿಕೆ ಪಡುವವನಿಗೆ ನೋಡುವುದು ಒಂದು ಅನುಕೂಲ.

ಅಂಗಳದಲ್ಲಿ ಕಲಿತ ಇನ್ನೊಂದು ಸಂಗತಿ ಮೂಟೆ ಎಣಿಸುವುದು. ಲಾರಿಯಿಂದ ಮೂಟೆ ಇಳಿಯುವಾಗ ಗೋಡೌನಿನ ಬಾಗಿಲಲ್ಲಿ ಒಬ್ಬರು ನಿಂತು ಗಟ್ಟಿಯಾಗಿ ಎಣಿಸಬೇಕು. ನಮ್ಮಲ್ಲಿ ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲ ಇದ್ದರು. ಯಾವ ಭಾಷೆಯವರೇ ಆಗಲಿ, ಮೊದಲ ಮೂಟೆಗೆ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಕಣದಲ್ಲಿ ರಾಗಿ ಅಳೆಯುವವರೂ ಹೀಗೆಯೇ. ದವಸದ ಎಣಿಕೆಯನ್ನು ಶುಭದ ಮಾತಿನಿಂದ ಶುರುಮಾಡಬೇಕೆಂದು ಹಿರಿಯರು ಮಾಡಿಟ್ಟ ಪದ್ಧತಿ. ಇದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಮೂಟೆಯ ಹತ್ತಿರ ಬದುಕಿದವರ ಬಾಯಿಗೆ ತಾನಾಗಿ ಬರುತ್ತದೆ.

ನೀರು ಕುಡಿದು ಬಂದೆ. ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ.

ರಂಗಪ್ಪನವರು ತೀರಿಕೊಂಡ ಮೇಲೆ ಮಿಲ್ಲು ಸಾವ್ಕಾರರ ಎರಡನೇ ತಲೆಮಾರಿಗೆ ಬಂತು. ಹೊಸ ಸಾವ್ಕಾರರು ಭತ್ತದ ಜೊತೆಗೆ ಇನ್ನೊಂದು ವ್ಯಾಪಾರ ಹಿಡಿದರು. ನ್ಯಾಯಬೆಲೆ ಅಂಗಡಿಗಳಿಗೆ ಹೋಗಬೇಕಾದ ರೇಷನ್ ಅಕ್ಕಿ ನಮ್ಮ ಮಿಲ್ಲಿಗೆ ಬರುತ್ತಿತ್ತು. ಎರಡು ಸಾರಿ ಪಾಲಿಶ್ ಮಾಡಿ, ಹೂವಿನ ಚಿತ್ರದ ಚೀಲಕ್ಕೆ ತುಂಬಿ, ಸಣ್ಣಕ್ಕಿ ಎಂದು ಕಳಿಸುತ್ತಿದ್ದರು. ಕಳ್ಳ ಲಾರಿ ಕತ್ತಲಲ್ಲಿ ಬರುತ್ತದೆ ಎಂದುಕೊಂಡರೆ ತಪ್ಪು. ನಟ್ಟ ನಡು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ ಬರುತ್ತಿತ್ತು. ಎಷ್ಟು ಮೂಟೆ, ಯಾವ ಲಾರಿ, ಎಲ್ಲಿಂದ ಎಂದು ಒಂದು ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಬರೆಯುತ್ತಿದ್ದವನು ನಾನು. ನನಗೆ ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ಮೊದಲ ದಿನವೇ ಗೊತ್ತಿತ್ತು.

ಒಂದು ಸಂಜೆ ಗಣಿ ಕಾರ್ಮಿಕರ ಲೈನಿನಲ್ಲಿದ್ದ ನಮ್ಮ ಸಾಲುಮನೆಗೆ ಬಂದರೆ ಅಮ್ಮ ಖಾಲಿ ಚೀಲ ಮಡಿಸಿ ಜಗಲಿಯ ಮೇಲೆ ಕೂತಿದ್ದಳು. “ಮೂರ್ ದಪ ಓಗ್ ಬಂದೆ ಕಣ್ಲಾ, ಅಕ್ಕಿ ಬಂದಿಲ್ಲ ಅಂತಾನೆ ಅಂಗ್ಡಿಯೋನು. ನಮ್ ಲೈನಿನೋರೆಲ್ಲಾ ಬರೀ ಚೀಲ ಇಟ್ಕೊಂಡ್ ವಾಪಸ್ ಬಂದ್ವಿ” ಅಂದಳು. ಆ ಮಧ್ಯಾಹ್ನ ನಮ್ಮೂರಿನ ಅಂಗಡಿಯ ಹೆಸರಿನ ಮುಂದೆ ನಲವತ್ತು ಮೂಟೆ ಎಂದು ಬರೆದು ಬಂದಿದ್ದೆ. ಕೈ ತೊಳೆದು ಊಟಕ್ಕೆ ಕೂತೆ. ಅಷ್ಟೇ ಮಾಡಿದ್ದು. ಹೇಡಿಗಳು ಹಾಗೆಯೇ, ಊಟ ಬಿಡುವುದಿಲ್ಲ.

ಆ ವರ್ಷವೇ ಸೆಲ್ವಿ ಕೆಲಸಕ್ಕೆ ಸೇರಿದ್ದು. ಮೂಟೆಯ ಬಾಯಿ ಹೊಲಿಯುವ ಕೆಲಸ. ಐವತ್ತರ ಆಸುಪಾಸಿನ ಹೆಂಗಸು, ಕೋರಮಂಡಲ್ ಲೈನಿನಲ್ಲಿ ಅಕ್ಕನ ಮನೆಯಲ್ಲಿದ್ದೇನೆ, ಮೊದಲು ಸೇಲಂ ಕಡೆ ಹತ್ತು ವರ್ಷ ಮಿಲ್ಲಿನಲ್ಲಿ ದುಡಿದಿದ್ದೇನೆ ಎಂದು ಮೇಸ್ತ್ರಿಗೆ ತಮಿಳಿನಲ್ಲಿ ಹೇಳಿಕೊಂಡಿದ್ದಳು. ದಬ್ಬಣ ಹಿಡಿಯುವ ಕೈ ಚುರುಕು. ಹುರಿಯನ್ನು ಹಲ್ಲಿನಿಂದ ಕಚ್ಚದೆ ಬೆರಳಿಗೆ ಸುತ್ತಿ ತುಂಡು ಮಾಡುತ್ತಿದ್ದಳು. ಊಟದ ಹೊತ್ತಿನಲ್ಲಿ ಉಳಿದ ಹೆಂಗಸರು ಮಾತಿಗೆ ಕೂತರೆ ಇವಳು ಬೇವಿನ ಮರದ ಕೆಳಗೆ ಒಬ್ಬಳೇ ನಿಂತು ಗೇಟಿನ ಕಡೆ ನೋಡುತ್ತಿದ್ದಳು. ನಾನು ಕಿಟಕಿಯಿಂದ ಅವಳನ್ನು ನೋಡುತ್ತಿದ್ದೆ. ಹದಿನೈದು ದಿನ ಕಳೆಯುವುದರಲ್ಲಿ ಅವಳು ಬರುವ ಮುಂಚೆ ತಲೆ ಬಾಚಿಕೊಳ್ಳುವ ಅಭ್ಯಾಸವಾಗಿಹೋಯಿತು. ಬಾಚಲು ಕೂದಲು ಹೆಚ್ಚೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಲಾರಿ ಬಂದಾಗ ಮೇಸ್ತ್ರಿ ಟೀ ಕುಡಿಯಲು ಹೋಗಿದ್ದ. “ಸೆಲ್ವಿ, ನೀ ನಿಂತ್ಕಂಡ್ ಎಣ್ಸಮ್ಮ” ಎಂದು ಹೇಳಿ ಹೋಗಿದ್ದ. ನಾನು ತಕ್ಕಡಿಯ ಹತ್ತಿರ ನಿಂತಿದ್ದೆ. ಮೊದಲ ಹಮಾಲಿ ಬಾಗಿಲು ದಾಟಿದ. ಸೆಲ್ವಿ “ಒಣ್ಣು” ಅಂದಳು. ಆಮೇಲೆ ರೆಂಡು, ಮೂಣು.

ಹಮಾಲಿಯ ತಲೆಯ ಮೇಲೆ ಮೂಟೆ, ಅವನು ಗಮನಿಸಲಿಲ್ಲ. ನಾನು ಮಾತ್ರ ತಕ್ಕಡಿಯಿಂದ ತಲೆ ಎತ್ತಿದೆ. ಹತ್ತು ವರ್ಷ ಮಿಲ್ಲಿನಲ್ಲಿ ದುಡಿದವಳು ಮೊದಲ ಮೂಟೆಗೆ ಒಂದು ಎನ್ನುವುದುಂಟೇ? ಇವಳು ಎಣಿಕೆ ಕಲಿತದ್ದು ಮೂಟೆಯ ಹತ್ತಿರ ಅಲ್ಲ, ಶಾಲೆಯಲ್ಲಿ. ಗೇಟಿನ ಕಡೆ ಯಾಕೆ ನೋಡುತ್ತಾಳೆ ಎಂಬುದೂ ಆಗ ಹೊಳೆಯಿತು. ಲಾರಿಯ ನಂಬರ್ ನೋಡಿಕೊಳ್ಳುತ್ತಿದ್ದಳು. ಇವಳು ಆಹಾರ ಇಲಾಖೆಯವಳು, ವೇಷ ಹಾಕಿಕೊಂಡು ಬಂದವಳು. ಇವಳ ಕೆಲಸ ಮುಗಿದರೆ ಆ ನೋಟ್‌ಬುಕ್ಕು ಬರೆದ ನಾನೂ ಸಾವ್ಕಾರರ ಜೊತೆ ಒಳಗೆ ಹೋಗುತ್ತೇನೆ.

ನ್ಯಾಯವಾಗಿ ನೋಡಿದರೆ ನಾನು ಸಾವ್ಕಾರರಿಗೆ ಹೇಳಬೇಕಿತ್ತು, ಉಪ್ಪು ತಿಂದವನು. ಹೇಳಿದ್ದರೆ ಅವಳ ಗತಿ? ನಮ್ಮ ಮೇಸ್ತ್ರಿ ಹೆಂಗಸರ ಮೇಲೂ ಕೈ ಎತ್ತುವವನು. ಅಮ್ಮನ ಖಾಲಿ ಚೀಲ ನೆನಪಾಗಿ ಮನಸ್ಸು ಬದಲಾಯಿಸಿದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ. ಚೀಲವೂ ನೆನಪಾಯಿತು, ನಿಜ. ಆದರೆ ಮುಖ್ಯವಾಗಿ ಆ ಹೆಂಗಸಿಗೆ ಏನಾದರೂ ಆದೀತು ಎಂದು ಹೆದರಿದೆ.

ನಮ್ಮ ಬೆಳಗಿನ ಗಾಡಿಯಲ್ಲಿ ನಾನು ಊರಿಗಾಂನಲ್ಲಿ ಹತ್ತುತ್ತಿದ್ದೆ, ಅವಳು ಮುಂದಿನ ಸ್ಟೇಷನ್ ಕೋರಮಂಡಲ್‌ನಲ್ಲಿ. ಮಾರನೆಯ ದಿನ ಅವಳಿದ್ದ ಡಬ್ಬಿಗೇ ಹೋಗಿ ಎದುರು ಸೀಟಿನಲ್ಲಿ ಕೂತೆ. ಬಂಗಾರಪೇಟೆಯ ತನಕ ಕಾಲು ಒಂದೇ ಸಮ ಕುಣಿಯುತ್ತಿತ್ತು, ತೊಡೆಯ ಮೇಲಿದ್ದ ಟಿಫನ್ ಕ್ಯಾರಿಯರ್ ಗಲಗಲ ಎನ್ನುತ್ತಿತ್ತು. ಗಾಡಿ ನಿಲ್ಲುವ ಹೊತ್ತಿಗೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದೆ.

“ಮೊದಲ್ನೇ ಮೂಟೆಗೆ ಒಣ್ಣು ಅನ್ಬಾರ್ದು. ಲಾಬಂ ಅನ್ಬೇಕು.”

ಅವಳು ನನ್ನನ್ನೇ ನೋಡಿದಳು. “ಏಂ ಸಾರ್?” ಎಂದು ಕೇಳಿದಳು, ಯಾಕೆ ಎಂದು.

“ಮಿಲ್ಲಲ್ಲಿ ಇರೋರು ಅಂಗೇ ಅನ್ನೋದು” ಎಂದವನೇ ಇಳಿದು ಓಡಿದೆ. ಕ್ಯಾರಿಯರ್ ಸೀಟಿನ ಮೇಲೇ ಉಳಿದುಹೋಯಿತು. ಅವಳೇ ತಂದು ಆಫೀಸಿನ ಬಾಗಿಲಲ್ಲಿಟ್ಟು ಹೋದಳು. ಮೂವತ್ತು ವರ್ಷ ಕ್ಯಾರಿಯರ್ ಮರೆಯದವನು ಅಂದು ಮರೆತದ್ದಕ್ಕೆ ಇಂದಿಗೂ ಸಂತೋಷಪಡುತ್ತೇನೆ.

ನಾಲ್ಕು ದಿನಕ್ಕೆ ಮೇಸ್ತ್ರಿ ಮುನಿವೆಂಕಟಪ್ಪನಿಗೆ ಎಲ್ಲಿಂದಲೋ ಸುದ್ದಿ ಬಂತು. ಆಫೀಸಿಗೆ ಬಂದು ಸಾವ್ಕಾರರ ಮುಂದೆ ನಿಂತ. ನಾನು ಪಕ್ಕದ ಮೇಜಿನಲ್ಲಿದ್ದೆ.

“ನಮ್ ಮಿಲ್ಲಾಗೆ ಯಾರೋ ಆಪೀಸಿನೋರು ಸೇರ್ಕಂಡವ್ರಂತೆ ಸಾಮಿ. ಒಸ್ದಾಗಿ ಬಂದೋರು ಮೂರೇ ಜನ ಎಂಗಸ್ರು.”

“ಯೆಂಗ್ ಕಂಡಿಡೀತೀಯಾ?” ಅಂದರು ಸಾವ್ಕಾರರು.

“ಅದೇನ್ ದೊಡ್ ವಿಸ್ಯ? ಒಬ್ಬೊಬ್ರನ್ನೇ ಬಾಗ್ಲಾಗೆ ನಿಲ್ಸಿ ಮೂಟೆ ಎಣ್ಸಿಸ್ತೀನಿ. ಮಿಲ್ಲಾಗೆ ಬೆಳ್ದೋರ್ಯಾರು, ಇಸ್ಕೂಲಾಗೆ ಬೆಳ್ದೋರ್ಯಾರು ಅಂತ ಮೊದಲ್ನೇ ಮೂಟೇಲೇ ಗೊತ್ತಾಯ್ತದೆ.”

ಅವನೂ ಅಂಗಳದ ಮನುಷ್ಯ, ನನಗೆ ಗೊತ್ತಿದ್ದದ್ದು ಅವನಿಗೂ ಗೊತ್ತಿತ್ತು. ಮೊದಲಿಬ್ಬರು ಹೆಂಗಸರು ಎಣಿಸಿದರು. ಮೂರನೆಯವಳು ಸೆಲ್ವಿ. ನಾನು ಪೆನ್ನು ಹಿಡಿದು ಕೂತಿದ್ದೆ, ಪೆನ್ನಿನ ಮೊನೆ ಒಂದೇ ಕಡೆ ಊರಿ ಮಸಿ ಹಾಳೆಯ ತುಂಬ ಹರಡಿತು. ಹಮಾಲಿ ಬಾಗಿಲು ದಾಟಿದ.

“ಲಾಬಂ” ಅಂದಳು ಸೆಲ್ವಿ, ಸೊಂಟದ ಮೇಲೆ ಕೈಯಿಟ್ಟು, ಆಕಳಿಸಿಕೊಂಡು. “ರೆಂಡು. ಮೂಣು.”

ಮೇಸ್ತ್ರಿ ಬೀಡಿ ಹಚ್ಚಿಕೊಂಡು ಹೋದ. ಅವಳು ನನ್ನ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ಆಕಳಿಕೆಯನ್ನು ನೆನೆದು ನಾನು ಮನೆ ತಲಪುವವರೆಗೂ ಒಬ್ಬನೇ ನಗುತ್ತಿದ್ದೆ.

ಮಾರನೆಯ ಸಂಜೆ ಗಾಡಿಯಲ್ಲಿ ಅವಳು ಕೈ ಚಾಚಿದಳು. “ಕ್ಯಾರಿಯರ್ ಕುಡುಂಗ ಸಾರ್, ಕಳುವಿ ಕೊಂಡಾರೇನ್” ಅಂದಳು. ತೊಳೆದು ತಂದುಕೊಡುತ್ತೇನೆ ಎಂದು ಅರ್ಥ. ಯಾರಿಗೆ ಬೇಕಾಗಿತ್ತು ತೊಳೆಯುವುದು? ಅವಳು ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು, ನನಗೆ ತಿಳಿದಿದೆಯೆಂದು ಅವಳಿಗೂ ತಿಳಿಯಿತು. ಮರುದಿನದಿಂದ ನೋಟ್‌ಬುಕ್ಕಿನ ಹಾಳೆಯ ಕೆಳಗೆ ಒಂದು ಕಾರ್ಬನ್, ಅದರಡಿ ಬಿಳಿ ಹಾಳೆ ಇಟ್ಟು ಬರೆಯತೊಡಗಿದೆ. ಆ ನಕಲನ್ನು ಮಡಿಸಿ ಕ್ಯಾರಿಯರಿನ ಕೆಳಗಿನ ಡಬ್ಬಿಗೆ ಹಾಕುತ್ತಿದ್ದೆ. ಸಂಜೆ ಕ್ಯಾರಿಯರ್ ಅವಳ ಕೈಗೆ, ಬೆಳಗ್ಗೆ ವಾಪಸು ನನ್ನ ಕೈಗೆ. ಎರಡು ತಿಂಗಳು ಹೀಗೆ ನಡೆಯಿತು. ಇದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಕ್ಯಾರಿಯರ್ ಖಾಲಿ ಬರುತ್ತಿರಲಿಲ್ಲ. ಯಾವಾಗಲೂ ಒಂದು ಡಬ್ಬಿಯಲ್ಲಿ ಏನಾದರೂ ಇರುತ್ತಿತ್ತು. ಅಮ್ಮನಿಗೆ ಗುಟ್ಟು ಸಿಕ್ಕಿದ್ದು ಅದರಿಂದಲೇ.

“ಯಾರ್ಲಾ ಇದು ಕೊಟ್ಟಿದ್ದು? ಕಳ್ಳೆಕಾಯ್ ಪುಡಿ. ನಮ್ ಕಡೆಯೋರು ಇಷ್ಟೊಂದು ಬೆಳ್ಳುಳ್ಳಿ ಆಕಲ್ಲ.”

“ಮಿಲ್ಲಲ್ಲಿ ಯಾರೋ ಕೊಟ್ರು.”

“ಯಾರೋ ಕೊಟ್ರೆ ಮಕ ಯಾಕ್ಲಾ ಅಂಗ್ ಕೆಂಪಾಯ್ತದೆ?” ಅಂದಳು. “ಐವತ್ಮೂರು ವರ್ಸಕ್ಕಾದ್ರೂ ಆಗ್ಲಿ ಬುಡು.”

ಅಮ್ಮ ಆ ಪುಡಿಯನ್ನು ಎರಡು ಹೊತ್ತೂ ಮುದ್ದೆಗೆ ಹಾಕಿಸಿಕೊಂಡಳು.

ಈ ನಡುವೆ ನಾನೊಂದು ಎಡವಟ್ಟು ಮಾಡಿದೆ. ಎಂದೋ ಒಂದು ದಿನ ಅರವತ್ತೆಂಟು ಮೂಟೆ ಬರೆಯುವಲ್ಲಿ ಎಂಬತ್ತಾರು ಬರೆದೆ. ಕೈ ತನ್ನ ಪಾಡಿಗೆ ತಾನು ಗೆರೆ ಎಳೆಯಿತು, ಮೇಲೆ ಸರಿಯಾದದ್ದು ಬರೆಯಿತು, ಪಕ್ಕದಲ್ಲಿ ಸಹಿ ಹಾಕಿತು. ಸಂಜೆ ಸಾವ್ಕಾರರು ಅದನ್ನು ನೋಡಿ ತಲೆ ಚಚ್ಚಿಕೊಂಡರು.

“ಅಲ್ಲಯ್ಯಾ ನಾಗ್ರಾಜಪ್ಪ, ಕಳ್ಳ ಪುಸ್ತಕಕ್ಕೆ ಯಾರಾನಾ ಸೈನ್ ಆಕ್ತಾರೇನಯ್ಯಾ? ನಿನ್ನಂತೋನ್ನ ಕಟ್ಕಂಡು ನಾನು ಯಾಪಾರ ಮಾಡ್ಬೇಕಲ್ಲ.”

ಆ ಹಾಳೆ ಹರಿದು ಸುಟ್ಟುಹಾಕಿದರು. ಅದರ ನಕಲು ಆಗಲೇ ಕ್ಯಾರಿಯರ್ ಸೇರಿತ್ತು. ಅದರಲ್ಲಿ ನನ್ನ ಸಹಿ ಇರುವುದು ಗೊತ್ತಿದ್ದರೂ ಗಾಡಿಯಲ್ಲಿ ಆ ಹಾಳೆಯನ್ನು ವಾಪಸು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ನನ್ನ ಹೆಸರು ಅವಳ ಮನೆಯಲ್ಲಿರಲಿ ಎಂಬ ಹುಚ್ಚು.

ಒಂದು ಬೆಳಗ್ಗೆ ಕೋರಮಂಡಲ್‌ನಲ್ಲಿ ಸೆಲ್ವಿ ಹತ್ತಲಿಲ್ಲ. ಎರಡು ನಿಮಿಷ ಗಾಡಿ ನಿಂತಿತ್ತು, ನಾನು ಬಾಗಿಲಲ್ಲಿ ನಿಂತು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನೋಡಿದೆ. ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಜೀಪುಗಳು ಬಂದವು. ಲಾರಿ ಸಮೇತ ಎಲ್ಲ ಸಿಕ್ಕಿತು, ಮಿಲ್ಲಿಗೆ ಸೀಲ್ ಬಿತ್ತು. ಅಧಿಕಾರಿಗಳು ಗೇಟು ತೆರೆಸುವುದರೊಳಗೆ ಸಾವ್ಕಾರರು ನೋಟ್‌ಬುಕ್ಕನ್ನು ಬಾಯ್ಲರಿನ ಒಲೆಗೆ ಹಾಕಿದ್ದರು. ನನ್ನನ್ನು ಹೆಸರು ಕೇಳಿ ಬಿಟ್ಟುಬಿಟ್ಟರು. ಯಾಕೆ ಬಿಟ್ಟರೆಂದು ಆಗ ಅರ್ಥವಾಗಲಿಲ್ಲ. ಕೈಯಲ್ಲಿ ಕ್ಯಾರಿಯರ್ ಇತ್ತು, ಅದರೊಳಗೆ ಹಿಂದಿನ ದಿನದ ನಕಲು. ಕೊಡಲು ಯಾರೂ ಇರಲಿಲ್ಲ.

ಮೇಡಂ ಒಂದೆರಡು ಪುಟ ಸಾಕು ಅಂದಿದ್ದರು. ದಾಟಿಹೋಗಿದೆ. ಮತ್ತೆ ಎದ್ದು ಕ್ಯಾಲೆಂಡರ್ ನೋಡಿ ಬಂದೆ, ಅದೇ ಆರು ದಿನ.

ಎರಡು ವರ್ಷ ಕಳೆದ ಮೇಲೆ ಕೇಸು ವಿಚಾರಣೆಗೆ ಬಂತು. ಟೀ ಅಂಗಡಿಯಲ್ಲಿ ಹಳೆಯ ಹಮಾಲಿ ಒಬ್ಬ ಸುದ್ದಿ ಹೇಳಿದ. ಸಿಕ್ಕ ಒಂದು ಲಾರಿಗೆ ಏನೋ ಕಾಗದ ತೋರಿಸಿದ್ದಾರೆ. ಉಳಿದ ಲಾರಿಗಳಿಗೆ ಆ ಕಾರ್ಬನ್ ಹಾಳೆಗಳೇ ಆಧಾರ. ಅವನ್ನೆಲ್ಲ ಆ ಹೆಂಗಸೇ ಮನೆಯಲ್ಲಿ ಕೂತು ಬರೆದುಕೊಂಡು ಬಂದಿದ್ದಾಳೆ ಎಂದು ಸಾವ್ಕಾರರ ವಕೀಲರು ವಾದಿಸುತ್ತಿದ್ದಾರಂತೆ. “ಆ ಯಮ್ಮನ್ ಕೆಲ್ಸ ಓಯ್ತದೆ ಅಂತಾವ್ರೆ” ಅಂದ. ಬರೆದವರು ಯಾರೆಂದು ಆಕೆ ತಮ್ಮ ವರದಿಯಲ್ಲಿ ಹೇಳಿಯೇ ಇರಲಿಲ್ಲ. ನನ್ನ ಹೆಸರು ಬಂದರೆ ನಾನು ಆರೋಪಿಯಾಗುತ್ತೇನೆ ಎಂದು ಬಿಟ್ಟಿದ್ದರು. ನನ್ನನ್ನು ಉಳಿಸಲು ಹೋಗಿ ತಾವು ಸಿಕ್ಕಿಕೊಂಡಿದ್ದರು.

ಸರ್ಕಾರಿ ವಕೀಲರ ಮನೆಯ ಮುಂದೆ ಮೂರು ಸಾರಿ ಹೋಗಿ ಮೂರು ಸಾರಿಯೂ ವಾಪಸು ಬಂದೆ. ನಾಲ್ಕನೆಯ ಸಾರಿ ಅವರ ನಾಯಿ ಬೊಗಳಿ ಅವರೇ ಹೊರಗೆ ಬಂದುಬಿಟ್ಟರು. ನನ್ನ ಕೈಯಲ್ಲಿ ಉಳಿದಿದ್ದ ಆ ಕೊನೆಯ ನಕಲನ್ನು ಅವರ ಮುಂದೆ ಚಾಚಿದೆ. “ಇದು ನನ್ ಅಕ್ಷರ ಸಾರ್” ಎಂದೆ. ನನ್ನ ಮೇಲೂ ಕೇಸಾಗಬಹುದೆಂದು ಅವರು ಎಚ್ಚರಿಸಿದರು. ಕೊನೆಗೆ ಸಾಕ್ಷಿಯಾಗಿ ಸೇರಿಸಿಕೊಂಡರು.

ಕೋರ್ಟಿನಲ್ಲಿ ಆಕೆಯ ನಿಜವಾದ ಹೆಸರು ಕೂಗಿದಾಗ ನನಗೆ ಯಾರೆಂದು ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡ, ಹತ್ತಿ ಸೀರೆಯುಟ್ಟ ಅಧಿಕಾರಿಯೊಬ್ಬರು ಎದ್ದು ನಿಂತರು. ಸೆಲ್ವಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಆರು ದಿನ ನೌಕರಿಯಲ್ಲಿದ್ದಾರೆ.

ಮೂವತ್ತು ಜನರ ಮುಂದೆ ನಾನು ಒಂದು ಗಂಟೆ ಮಾತಾಡಿದೆ. ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎಷ್ಟು ವರ್ಷ ಬರೆದೆ, ಹೇಗೆ ಕಾರ್ಬನ್ ಇಟ್ಟೆ, ಕ್ಯಾರಿಯರಿನಲ್ಲಿ ಹೇಗೆ ಕೊಟ್ಟೆ, ಎಲ್ಲ ಹೇಳಿದೆ. ಅಕ್ಷರ ನನ್ನದೇ ಎನ್ನುವುದಕ್ಕೆ ಏನು ಗುರುತು ಎಂದು ನ್ಯಾಯಾಧೀಶರು ಕೇಳಿದರು. ಒಂದು ಹಾಳೆಯಲ್ಲಿ ಎಂಬತ್ತಾರರ ಮೇಲೆ ಗೆರೆ ಎಳೆದು ಸಹಿ ಹಾಕಿದ್ದೇನೆ ಎಂದೆ. ಕಡತದಲ್ಲಿ ಹುಡುಕಿದರು, ಆ ಹಾಳೆ ಇರಲಿಲ್ಲ. ಆಗ ಆಕೆ ಎದ್ದು, ಕೈಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು, ಅದರ ನಡುವಿನಿಂದ ಮಡಿಸಿದ ಹಾಳೆಯೊಂದನ್ನು ಕೊಟ್ಟರು. ಎರಡು ವರ್ಷ ಅದನ್ನು ಜೊತೆಯಲ್ಲಿಟ್ಟುಕೊಂಡು ಓಡಾಡಿದ್ದರು.

ಸಾವ್ಕಾರರ ವಕೀಲರಿಗೆ ಅದು ಸಾಕಾಯಿತು. ನನ್ನ ಹತ್ತಿರ ಬಂದು ನಿಂತು, ಮೆಲ್ಲಗೆ ಕೇಳಿದರು.

“ನಿಮಗೋಸ್ಕರ ಇವರು ಒಂದು ಹಾಳೆ ಬಚ್ಚಿಟ್ಟಿದ್ದಾರೆ. ಇವರಿಗೋಸ್ಕರ ನೀವು ಅನ್ನ ಕೊಟ್ಟ ಯಜಮಾನನನ್ನೇ ಬಿಟ್ಟುಕೊಟ್ಟಿದ್ದೀರಿ. ಹೇಳಿ, ಈಕೆ ನಿಮಗೆ ಏನಾಗಬೇಕು?”

ನಿಜ ಹೇಳಿದರೆ ಕೇಸು ಬಿದ್ದುಹೋಗುತ್ತದೆ ಎಂದು ನನಗೂ ತಿಳಿಯಿತು. ಅದು ಇಲ್ಲದಿದ್ದರೂ ಹೇಳುವ ಧೈರ್ಯ ಇರುತ್ತಿತ್ತೆಂದು ನಾನು ನಂಬುವುದಿಲ್ಲ. ಎದುರಿಗೆ ಕೂತ ಆಕೆ ನನ್ನನ್ನೇ ನೋಡುತ್ತಿದ್ದರು.

“ಏನೂ ಆಗಬೇಕಾಗಿಲ್ಲ ಸ್ವಾಮಿ” ಎಂದೆ.

ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆಕೆ ಬೆಂಗಳೂರು ಗಾಡಿಗೆ ಕಾಯುತ್ತಿದ್ದರು, ನಾನು ನಮ್ಮ ಗಾಡಿಗೆ. ಅವರೇ ಹತ್ತಿರ ಬಂದು, ಒಂದು ಪೊಟ್ಟಣ ಬಿಚ್ಚಿ ಮೈಸೂರುಪಾಕು ಕೊಟ್ಟರು. “ತಗೋರಿ. ಇವತ್ತ ನನ್ನ ಹುಟ್ಟಿದ ದಿನ. ಐವತ್ತೆರಡು ತುಂಬಿದ್ವು ನೋಡ್ರಿ” ಅಂದರು. ಅವರ ಸ್ವಂತ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಧಾರವಾಡದ ಕಡೆಯವರಂತೆ. ತಂದೆ ರೈಲ್ವೆಯಲ್ಲಿದ್ದು ಜೋಲಾರಪೇಟೆಯಲ್ಲಿ ಬೆಳೆದದ್ದರಿಂದ ತಮಿಳು ಬಂದಿತ್ತು. ಮದುವೆ, ಮನೆ ಎಂದು ಯಾವುದೂ ಹೂಡಲಾಗಲಿಲ್ಲ, ಬರೀ ವರ್ಗಾವಣೆಯೇ ಆಯಿತು ಎಂದರು. ನಾನು ಮೈಸೂರುಪಾಕು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

“ಎಲ್ಲಾ ಖರೇ ಹೇಳಿದ್ರಿ. ನನ್ನ ನೌಕರಿ ಉಳಿಸಿದ್ರಿ” ಅಂದರು. ಪೊಟ್ಟಣ ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. “ಆದ್ರ ಕಡೀ ಮಾತು? ಅದು ಕೇಸಿಗಂತ ಹೇಳಿದ್ರೋ, ಖರೇನ ಹೇಳಿದ್ರೋ?”

ನಮ್ಮ ಗಾಡಿ ಬಂತು. ಅದು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. “ಗಾಡಿ ಬಂತು ಮೇಡಂ” ಎಂದು ಹೇಳಿ ನಾನು ಹತ್ತಿ ಕೂತೆ. ಇಪ್ಪತ್ತು ನಿಮಿಷ ಕಿಟಕಿಯ ಪಕ್ಕ ಕೂತಿದ್ದೆ, ಇಪ್ಪತ್ತು ನಿಮಿಷ ಅವರು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಗಾಡಿ ಹೊರಟಿತು.

ಆಮೇಲೆ ಬಂಗಾರಪೇಟೆಯಲ್ಲಿ ನನಗೆ ಯಾರೂ ಕೆಲಸ ಕೊಡಲಿಲ್ಲ. ಯಜಮಾನನ ಪುಸ್ತಕ ಹೊರಗೆ ಕೊಟ್ಟವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ ಕ್ಯಾಸಂಬಳ್ಳಿಯ ತರಕಾರಿ ಮಂಡಿಯವರೊಬ್ಬರು ಕರೆದರು, ಮೂರು ವರ್ಷದ ಹಿಂದಿನವರೆಗೂ ಅಲ್ಲೇ ಬರೆದೆ. ಬೇಸರವಿಲ್ಲ. ಅಮ್ಮ ತೀರಿಕೊಳ್ಳುವ ಮುಂಚೆ ಒಮ್ಮೆ ಕೇಳಿದಳು, “ಆ ಕಳ್ಳೆಕಾಯ್ ಪುಡಿಯೋರು ಮತ್ತೆ ಬರ್ಲೇ ಇಲ್ವೇನ್ಲಾ?” ಎಂದು. ಇಲ್ಲಮ್ಮ ಅಂದೆ. “ನೀನ್ ಕರ್ದಿರಲ್ಲ” ಅಂದಳು.

ಅವರಿಗೆ ಈ ತಿಂಗಳು ಅರವತ್ತು ತುಂಬಿತು. ಸರ್ಕಾರಿ ಲೆಕ್ಕದಲ್ಲಿ ತಿಂಗಳ ಕೊನೆಯ ದಿನಕ್ಕೆ ನಿವೃತ್ತಿ. ಈ ಬರಹವನ್ನು ಎರಡು ಪ್ರತಿ ಮಾಡಿದ್ದೇನೆ, ಕಾರ್ಬನ್ ಇಟ್ಟು. ನಕಲು ಕಾಲೇಜಿನ ಮೇಡಂಗೆ. ಮೊದಲ ಪ್ರತಿಯನ್ನು ಈಗಲೇ ಊರಿಗಾಂ ಅಂಚೆ ಕಚೇರಿಗೆ ಹೋಗಿ ಅವರ ಕಚೇರಿಯ ವಿಳಾಸಕ್ಕೆ ರಿಜಿಸ್ಟರ್ ಮಾಡುತ್ತೇನೆ. ಬಾಗಿಲು ಮುಚ್ಚಲು ಇನ್ನು ಅರ್ಧ ಗಂಟೆ ಇದೆ.

ಮಕ್ಕಳೇ, ನಿಮಗೆ ಹೇಳಬೇಕಾದದ್ದು ಒಂದೇ. ತಪ್ಪನ್ನು ಕೆರೆಯಬೇಡಿ. ಹೀಗೆ ಮಾಡಿ.

ಪ್ರಶ್ನೆ: ಈಕೆ ನಿಮಗೆ ಏನಾಗಬೇಕು?

‘ಏನೂ ಆಗಬೇಕಾಗಿಲ್ಲ’ ಎಂದು ಅಂದು ಹೇಳಿದ್ದೆ. ಆ ಮಾತಿನ ಮೇಲೆ ಒಂದೇ ಒಂದು ಗೆರೆ ಎಳೆದಿದ್ದೇನೆ, ಕೆಳಗಿರುವುದು ಕಾಣಲಿ. ಅದರ ಮೇಲೆ ಸರಿಯಾದದ್ದನ್ನು ಬರೆಯುತ್ತಿದ್ದೇನೆ. ನನಗೆ ಆಕೆಯೆಂದರೆ ಪ್ರೀತಿ. ಅಂದೂ ಇತ್ತು, ಇಂದೂ ಇದೆ. ಬರುವುದಾದರೆ ಊರಿಗಾಂ ಸ್ಟೇಷನ್ನಿನಲ್ಲಿ ಇಳಿಯಬೇಕು, ನಾನು ಅಲ್ಲಿರುತ್ತೇನೆ.

ಸಹಿ,
ಮು. ನಾಗರಾಜಪ್ಪ